ಚಟ್ನಿಪುಡಿಯ ಸೇಡು

ಪಕ್ಕದ ಮನೆಯಲ್ಲಿ ಇವತ್ತು ಕೊಬ್ಬರಿ ಚಟ್ನಿಪುಡಿ ಕುಟ್ಟುತ್ತಿದ್ದಾರೆ. ಘಮ ಮೂಗಿಗೆ ಬಡಿದದ್ದೇ ತಡ, ನನ್ನ ಹಳೆಯ ಸೇಡು ಎದ್ದು ಕೂತಿತು.

ಚಿಕ್ಕಂದಿನಲ್ಲೇ ನನ್ನ ಕಿಡ್ನಿ ಸೋತಿತ್ತು. ಬಿಪಿ ಏರಿದರೆ ಅದು ಇನ್ನೂ ಕೆಡುತ್ತದೆಂದು ತಿಪಟೂರಿನ ಡಾಕ್ಟರು ಉಪ್ಪು ಬಿಡಿಸಿದ್ದರು. ಅಮ್ಮ ನನಗೆಂದೇ ಸಪ್ಪೆ ಸಾರು ಮಾಡುತ್ತಿದ್ದಳು. ದೊಡ್ಡಪ್ಪ ಮಾತ್ರ ತಮ್ಮ ಉಪ್ಪುಪ್ಪು ಚಟ್ನಿಪುಡಿಯನ್ನು ಗುಟ್ಟಾಗಿ ನನ್ನ ರೊಟ್ಟಿಗೆ ಉದುರಿಸುತ್ತಿದ್ದರು.

"ತಿನ್ನು ಕಣ್ಲಾ, ನಮ್ ತೋಟದ ಕೊಬ್ರಿ. ಅಂಗ್ಡೀದಲ್ಲ, ಏನೂ ಆಗಲ್ಲ!"

ಆಯಿತು. ಬಿಪಿ ಏರಿ ತಲೆ ಸಿಡಿಯಿತು. ಡಾಕ್ಟರು ಬೈದದ್ದು ಅಮ್ಮನನ್ನು. ಅವಳು ಅಳುತ್ತಿದ್ದರೆ ದೊಡ್ಡಪ್ಪ ಫ್ಯಾನು ನೋಡುತ್ತ ನಿಂತಿದ್ದರು. ನಾನು ಬೆರಳು ತೋರಿಸಿ ಎಲ್ಲವನ್ನೂ ಒದರಿಬಿಟ್ಟೆ.

"ಬನ್ನಿ ಯಜಮಾನ್ರೇ, ನಿಮ್ದೂ ನೋಡೋಣ" ಎಂದು ಡಾಕ್ಟರು ಅವರ ತೋಳಿಗೂ ಪಟ್ಟಿ ಸುತ್ತಿದರು. ದೇವರು ದೊಡ್ಡವನು, ಪಾದರಸ ಏರಿದ್ದು ನೋಡಿ ಡಾಕ್ಟರೇ ಬೆಚ್ಚಿದರು!

ಅಂದಿನಿಂದ ಅಮ್ಮ ಇಬ್ಬರಿಗೂ ಸಪ್ಪೆ ಸಾರನ್ನೇ ಬಡಿಸಿದಳು.

"ಒಂಚೂರು ಉಪ್ಪು ಹಾಕವ್ವ."

"ಮಗಾನೇ ಸುಮ್ನೆ ಉಣ್ತಾವ್ನೆ, ನೀವು ಹಟ ಮಾಡ್ಬೇಡಿ ಬಾವ."

ದೊಡ್ಡಪ್ಪ ಎಂಬತ್ತು ದಾಟಿಯೂ ಗಟ್ಟಿಯಾಗಿದ್ದಾರೆ. ಸೇಡು ಇಷ್ಟೊಂದು ಉಪಕಾರ ಮಾಡುತ್ತದೆಂದು ಮೊದಲೇ ಗೊತ್ತಿದ್ದರೆ, ಬೇರೆ ಸೇಡು ಹುಡುಕುತ್ತಿದ್ದೆ.