ಕಟಕೋಳದ ನಾಗರದ ಬಾಟಲಿ

ಭೀಮಶಿ ಮಂಗಳವಾರ ಸಂಜೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ತೀರಿಕೊಂಡ. ಎದೆನೋವು. ಐವತ್ನಾಲ್ಕು ವರ್ಷ. ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ.

ಗಾಡಿಗೆ ಸಿಕ್ಕು ಸತ್ತ ಹಾವು ಕಂಡರೆ ಸುತ್ತಲಿನ ಊರಿನವರು ಅವನಿಗೇ ಫೋನು ಮಾಡುತ್ತಿದ್ದರು. ಅರಣ್ಯ ಇಲಾಖೆಯ ಅನುಮತಿ ಪತ್ರ ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾವಿನ ಶ್ವಾಸಕೋಶ ಬಿಡಿಸಿ, ದಾರದೆಳೆಯಂಥ ಹುಳುಗಳನ್ನು ಸ್ಪಿರಿಟ್ ಬಾಟಲಿಗೆ ಹಾಕುವನು. ಬಾಟಲಿಯ ಕುತ್ತಿಗೆಗೆ ಹಳೆ ಧೋತರದ ಚಿಂದಿ ಬಿಗಿಯುವನು.

ಆ ಮಂಗಳವಾರ ಬೆಳಿಗ್ಗೆ ಈ ಹುಳುಗಳ ಅಧ್ಯಯನ ಮಾಡುತ್ತಿದ್ದ ಪ್ರಾಧ್ಯಾಪಕಿ ಸಂಘಮಿತ್ರಾ ಮೇಡಂ ಅವನು ತಂದಿದ್ದ ಎರಡು ಬಾಟಲಿ ಮುಂದಿಟ್ಟುಕೊಂಡು ಕುಳಿತಿದ್ದರು. ಒಂದರಲ್ಲಿನ ಹುಳು ಯಾವ ಪುಸ್ತಕದಲ್ಲೂ ಇಲ್ಲದ್ದು. ಬಾಯಿಯ ಅಂಚು ಬೇರೆ, ಬಾಲ ಬೇರೆ. ಆದರೆ ಬಂದದ್ದು ನೇಸರಗಿಯ ಕೇರೆಹಾವಿನಿಂದಲೋ, ಕಟಕೋಳದ ನಾಗರದಿಂದಲೋ? ಬಸ್ಸಿನಲ್ಲಿ ಚೀಲದೊಳಗೆ ಸ್ಪಿರಿಟ್ ಚೆಲ್ಲಿ, ಬಾಟಲಿಗಳ ತಳಕ್ಕೆ ಅಂಟಿಸಿದ್ದ ಚೀಟಿಗಳ ಶಾಯಿ ಅಳಿಸಿಹೋಗಿತ್ತು.

“ಹನ್ನೊಂದು ವರ್ಷ ಆತು, ಪೆನ್ಸಿಲ್‌ಲೆ ಬರದು ಒಳಗ ಹಾಕ್ರಿ ಅಂತ ಹೇಳಾಕ ಹತ್ತೇನಿ. ನಿಮಗ ಪೆನ್ನಿನ ದಿಮಾಕು!”

“ಪೆನ್ಸಿಲ್ ಕಚ್ಚಾ ಅಲ್ರಿ, ಮೇಡಮ್ಮಾರ? ಪೆನ್ ಅಂದ್ರ ಪಕ್ಕಾ ಅನ್ಕೊಂಡಿದ್ದೆ.”

“ಯಾವ ಹಾವಿಂದು ಅಂತ ಗೊತ್ತಿಲ್ಲದ ಹುಳಕ್ಕ ಹೆಸರಿಡಾಕ ಬರೂದಿಲ್ಲ, ಭೀಮಶಿ.”

ಹೋಗಿ ನೋಡಿ ಬರೋಣವೆಂದರೆ ನಾಗರ ಉಳಿದಿರಲಿಲ್ಲ. ಅದನ್ನು ಕಂಡು ಫೋನು ಮಾಡಿದ್ದ ಕಟಕೋಳದ ಶೆಟ್ಟೆವ್ವ ದೇಹವನ್ನು ಸಂಸ್ಕಾರಕ್ಕೆ ವಾಪಸು ಕೇಳಿ ಪಡೆದು ಸುಟ್ಟಿದ್ದಳು. ಕೊಯ್ಯುವ ಮೊದಲೇ, “ನಾಗಪ್ಪಗ ಹಂಗ ಚಾಕು ಹಚ್ಚಬ್ಯಾಡೋ ಯಪ್ಪಾ” ಎಂದು ಹಾವಿನ ಮೈತುಂಬ ಅರಿಷಿಣ ಬಳಿದಿದ್ದಳು.

ಅರಿಷಿಣ! ಅಂದು ಅವನ ಬೆರಳುಗಳೂ ಹಳದಿಯಾಗಿದ್ದವು.

ಚಿಂದಿಗಳನ್ನು ಬಿಚ್ಚಿದ. ಎರಡರಲ್ಲೂ ಹಳದಿ ಕಲೆ. ಹೊಸ ಹುಳುವಿನ ಬಾಟಲಿಯ ಚಿಂದಿಯಲ್ಲಿ ದಟ್ಟ, ಇನ್ನೊಂದರಲ್ಲಿ ಮಾಸಲು. ಹಳೆ ಧೋತರ, ಬೆವರಿನ ಕಲೆಯೂ ಹಳದಿಯೇ. ತಂಬಾಕಿನ ಡಬ್ಬಿ ತೆಗೆದು, ಬೆರಳಿಗೆ ಸುಣ್ಣ ಹಚ್ಚಿಕೊಂಡು ಮಾಸಲು ಕಲೆ ಮುಟ್ಟಿದ. ಏನೂ ಆಗಲಿಲ್ಲ. ದಟ್ಟ ಕಲೆ ಮುಟ್ಟುವ ಮೊದಲು ಕಣ್ಣು ಮುಚ್ಚಿದ.

“ಕಣ್ಣು ಬಿಡ್ರಿ,” ಎಂದರು ಮೇಡಂ. “ಕೆಂಪಾತು.”

“ನಾಗಪ್ಪಂದ ಐತ್ರಿ,” ಅಂದವನು ಕುರ್ಚಿ ಹಿಡಿದು ನಿಂತ. ಎದೆ ತಿಕ್ಕಿಕೊಂಡ. ಗ್ಯಾಸು ಎಂದ.

ಸಂಜೆ ಬಸ್ಸಿಗೆ ಹೊರಡುವ ಮುನ್ನ ದಪ್ಪ ಕಾಗದದ ತುಂಡಿನ ಮೇಲೆ ಪೆನ್ಸಿಲಿನಿಂದ ‘ನಾಗರಹಾವು, ಕಟಕೋಳ’ ಎಂದು ಒತ್ತಿ ಬರೆದ. ಅದನ್ನು ಬಾಟಲಿಯೊಳಗೆ ಇಳಿಸಿದ. ಮುಚ್ಚಳ ತಿರುವಿದ. ಬಾಗಿಲವರೆಗೆ ಹೋಗಿ, ಮರಳಿ ಬಂದು, ಇನ್ನೊಮ್ಮೆ ತಿರುವಿದ.