ಬಾಣದ ಕೀಗೆ ಕುಂಕುಮ

ರಾಜರ ಊರಿನ ಕಥೆಯೆಂದರೆ ರಾಜನದೇ ಆಗಬೇಕೆಂದೇನಿಲ್ಲ. ಇದು ಕುಟ್ಟುವವಳೊಬ್ಬಳ ಕಥೆ.

ಹೆಸರು ಭಾನುಪ್ರಿಯಾ. ಮನೆ ಮೈಸೂರಿನ ದಟ್ಟಗಳ್ಳಿ. ಅಪ್ಪ ಮೂಗಯ್ಯ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತೇ ಅರ್ಧ ಆಯುಸ್ಸು ಕಳೆದವನು. ಅವ್ವ ಮುದ್ದಮ್ಮ ಮನೆಯಲ್ಲೇ ಕೋಡುಬಳೆ, ನಿಪ್ಪಟ್ಟು ಕರಿದು ಬೇಕರಿಗಳಿಗೆ ಕೊಡುವವಳು. ಭಾನು ಹಗಲೆಲ್ಲ ಸರಸ್ವತಿಪುರಂನ ಏಕಾಂತಯ್ಯನವರ ಜೆರಾಕ್ಸ್ ಅಂಗಡಿಯಲ್ಲಿ ಕೂತು ಕನ್ನಡ ಟೈಪ್ ಮಾಡುತ್ತಿದ್ದಳು. ಹುಡುಗರ ಪ್ರಬಂಧ, ಬಾಡಿಗೆ ಕರಾರು, ಮದುವೆಯ ಕರೆಯೋಲೆ, ಯಾರದೋ ತಿಥಿಯ ಕಾರ್ಡು. ಸಂಜೆಯಾದರೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ವಸಂತನ ಗೇಮಿಂಗ್ ಸೆಂಟರಿಗೆ ನುಗ್ಗುತ್ತಿದ್ದಳು. ಅಲ್ಲಿಯೂ ಕೀಬೋರ್ಡೇ.

“ಹಗಲೆಲ್ಲ ಕುಟ್ಟಿದ್ದು ಸಾಲ್ದಾ? ಸಂಜೇಲೂ ಕುಟ್ಟಕ್ ಓಯ್ತೀಯಲ್ಲ,” ಎಂದು ಮುದ್ದಮ್ಮ ಬಾಣಲೆಯಿಂದ ತಲೆ ಎತ್ತದೆ ಕೇಳುತ್ತಿದ್ದಳು. “ನಮ್ಮವ್ವ ಕೆಂಚಮ್ಮನೂ ಇಂಗೆ ಕುಟ್ನಿಲ್ಲ ಕಣಮ್ಮ.”

“ಅಜ್ಜಿ ಕುಟ್ಟಿದ್ದು ಭತ್ತ. ನಾನ್ ಕುಟ್ಟೋದು ಎದುರಾಳಿನ.”

“ಕುಟ್ಟು ಕುಟ್ಟು. ಅಟ್ಟಿ ತುಂಬ ಅಕ್ಕಿ ಉದುರ್ತದೆ.”

ಅವ್ವ ಹಂಗಿಸಿದರೂ ಮಾತು ಸುಳ್ಳಲ್ಲ, ಕುಟ್ಟುವ ಕೈ ಅಜ್ಜಿಯಿಂದಲೇ ಬಂದದ್ದು. ಕಂಡವರ ಮನೆಯ ಭತ್ತ ಕುಟ್ಟುತ್ತಿದ್ದ ಕೆಂಚಮ್ಮ ಒನಕೆ ಆರಿಸುವಾಗ ಮರ ನೋಡುವುದಕ್ಕಿಂತ ಮೊದಲು ಹಿಡಿಯುವವಳ ಗೇಣು ನೋಡುತ್ತಿದ್ದಳಂತೆ. ಈ ಮಾತನ್ನು ಅವ್ವನ ಬಾಯಲ್ಲಿ ಕೇಳಿಕೊಂಡೇ ಬೆಳೆದ ಭಾನು, ದಟ್ಟಗಳ್ಳಿಯ ಹುಡುಗರಿಗೆಲ್ಲ ಕೀಬೋರ್ಡ್ ಆರಿಸಿಕೊಡುವವಳಾದಳು. ಯಾರೇ ಕೇಳಲಿ, ಮೊದಲು ಅವರ ಗೇಣು ಅಳೆಯುತ್ತಿದ್ದಳು. ಆಮೇಲೆ ಅಂಗಡಿಗೆ ಹೋಗಿ, ಕಣ್ಣು ಮುಚ್ಚಿ ಕೀಗಳನ್ನು ಒತ್ತಿ ಒತ್ತಿ ಸದ್ದು ಕೇಳುತ್ತಿದ್ದಳು.

ವಸಂತ ಅವಳಿಗೆ ಹಳೆಯ ಗೆಳೆಯ. ಪಿಯುಸಿ ಗಣಿತದಲ್ಲಿ ಇಬ್ಬರೂ ಒಟ್ಟಿಗೇ ಡುಮ್ಕಿ ಹೊಡೆದು ಒಂದೇ ಟ್ಯುಟೋರಿಯಲ್ಲಿನ ಒಂದೇ ಫ್ಯಾನಿನ ಕೆಳಗೆ ಕೂತವರು. ಅವನು ಸೆಂಟರ್ ತೆರೆದಾಗ ಬಾಗಿಲಿಗೆ ಅಂಟಿಸುವ ಬೋರ್ಡನ್ನು ಟೈಪ್ ಮಾಡಿ ಕೊಟ್ಟವಳೂ ಅವಳೇ. ಅಲ್ಲಿ ಐದೈದು ಜನ ಎದುರುಬದುರಾಗಿ ಆಡುವ ಬಂದೂಕಿನ ಆಟಕ್ಕೆ ಒಂದು ತಂಡವಿತ್ತು. ವಸಂತ ನಾಯಕ, ಹರೀಶನೂ ಇನ್ನಿಬ್ಬರೂ ಮುನ್ನುಗ್ಗುವವರು, ಭಾನು ಹಿಂದೆ ಉಳಿದು, ಗೋಡೆ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯುವವಳು. ಗೋಡೆ ಪಕ್ಕದ ಕೊನೆಯ ಕುರ್ಚಿ ಅವಳದು.

ಆ ವರ್ಷ ದಸರಾ ಕಳೆದ ಮೇಲೆ ಹುಬ್ಬಳ್ಳಿಯಲ್ಲಿ ದೊಡ್ಡ ಪಂದ್ಯ ಎಂದು ಗೊತ್ತಾಯಿತು. ಮೊದಲ ಸಲ ವೇದಿಕೆಯ ಮೇಲೆ ಕೂತು ಆಡುವುದು, ಬೆನ್ನ ಮೇಲೆ ಹೆಸರಿರುವ ಟೀ ಶರ್ಟು, ಎದುರಿಗೆ ಜನ. ಹಗಲೆಲ್ಲ ಬೇರೆಯವರ ಹೆಸರನ್ನೇ ಕುಟ್ಟುತ್ತಿದ್ದವಳಿಗೆ ತನ್ನ ಹೆಸರನ್ನು ಒಂದು ಸಲ ಬೆನ್ನ ಮೇಲೆ ಹೊತ್ತು ನಡೆಯುವ ಆಸೆ. ಏಕಾಂತಯ್ಯನವರು ರಜೆ ಕೊಡಲು ಮೀನಮೇಷ ಎಣಿಸಿದರು. “ಆಟ ಆಡಕ್ಕೆ ರಜಾನೇನಮ್ಮಾ? ನಾನು ನನ್ ಮಗಳ ಮದುವೇಗೇ ಅಂಗಡಿ ಮುಚ್ಚಿರ್ಲಿಲ್ಲ,” ಎಂದರು. ಬಾಕಿ ಇದ್ದ ಪ್ರಬಂಧವೊಂದನ್ನು ಊಟ ಬಿಟ್ಟು ಮುಗಿಸಿಕೊಟ್ಟ ಮೇಲೆ ಒಪ್ಪಿದರು. ಮುದ್ದಮ್ಮ ಬೈಯುತ್ತಲೇ ಐದು ಜನರ ದಾರಿ ಬುತ್ತಿಗೆಂದು ಕೋಡುಬಳೆಯ ಡಬ್ಬಿ ಬೇರೆಯೇ ತುಂಬಿಟ್ಟಳು.

ಹೀಗಿರುವಾಗ ಒಂದು ಸಂಜೆ ವಸಂತ ಕೇಳಿದ.

“ಭಾನು, ನಂಗೊಂದು ಸಣ್ಣ ಕೀಬೋರ್ಡ್ ಆರ್ಸಿ ಕೊಡೇ. ಹುಬ್ಬಳ್ಳಿಗೆ ತಗೊಂಡೋಗಕ್ಕೆ.”

“ನಿನ್ ಹಳೇದಕ್ಕೆ ಏನಾಗಿದ್ಯೋ?”

“ಅದು ಬಾಗಿಲಷ್ಟು ಉದ್ದ. ಅಲ್ಲಿ ಟೇಬಲ್ ಇಕ್ಕಟ್ಟಂತೆ. ಆದ್ರೆ ನೋಡು, ಎಷ್ಟ್ ಸಣ್ಣ ಇದ್ರೂ ಬಾಣದ ಕೀ ಇರ್ಲೇಬೇಕು. ಬಲಗಡೆ ಶಿಫ್ಟೂ ಉದ್ದಕ್ಕಿರ್ಲಿ.”

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಈ ಆಟ ಆಡುವವರ ಬಲಗೈ ಮೌಸಿನ ಮೇಲಿರುತ್ತದೆ, ಎಡಗೈ ಆಟದ ಆಳನ್ನು ನಡೆಸಲು ಕೀಬೋರ್ಡಿನ ಎಡಬದಿಯ ನಾಲ್ಕೈದು ಅಕ್ಷರಗಳ ಮೇಲೆ. ಬಲತುದಿಯಲ್ಲಿರುವ ಅಂಕಿಗಳ ಗುಂಪು ಮೌಸಿನ ದಾರಿಗೆ ಅಡ್ಡ ಬರುವುದರಿಂದಲೇ ಅವರು ಅದನ್ನು ಕತ್ತರಿಸಿದ ಸಣ್ಣ ಕೀಬೋರ್ಡ್ ಹುಡುಕುವುದು. ಇನ್ನೂ ಸಣ್ಣದಾದರೆ ಬಾಣದ ಗುರುತಿನ ಕೀಗಳೂ ಹೋಗುತ್ತವೆ. ಹೋದರೆ ಯಾರಿಗೂ ನಷ್ಟವಿಲ್ಲ, ಆಟದಲ್ಲಿ ಅವನ್ನು ಮುಟ್ಟುವವರೇ ಇಲ್ಲ.

“ಬಾಣದ ಕೀನ ಆಟದಲ್ಲಿ ಯಾವತ್ ಮುಟ್ಟಿದ್ಯೋ ನೀನು?” ಎಂದಳು ಭಾನು.

“ಸೆಂಟರ್ ಬಿಲ್ ಟೈಪ್ ಮಾಡ್ಬೇಕಲ್ವೇನೆ? ನಿಂಗೊತ್ತಿಲ್ವಾ ಟೈಪ್ ಮಾಡೋರ ಕಷ್ಟ?”

ಅಲ್ಲಿಗೆ ಅವಳ ಅನುಮಾನ ಕರಗಿತು. ಹೌದಲ್ಲ, ಟೈಪ್ ಮಾಡುವವರಿಗೆ ಬಲಗಡೆಯ ಶಿಫ್ಟ್ ಎಂದರೆ ಕಿರುಬೆರಳಿನ ತವರುಮನೆ. ಅವಳ ದಿನದ ಅರ್ಧ ದೀರ್ಘಗಳೂ ಮಹಾಪ್ರಾಣಗಳೂ ಅಲ್ಲಿಂದಲೇ ಹುಟ್ಟುತ್ತಿದ್ದವು. ಬಾಣದ ಕೀ ಇಲ್ಲದೆ ಅವಳಿಗೆ ಒಂದು ಸಾಲು ತಿದ್ದಲೂ ಆಗುತ್ತಿರಲಿಲ್ಲ. ಬೇರೆ ಯಾವ ಆಟಗಾರನಾಗಿದ್ದರೂ ನಕ್ಕು, ಎರಡನೇ ಪ್ರಶ್ನೆ ಕೇಳಿಬಿಡುತ್ತಿದ್ದ. ಟೈಪ್ ಮಾಡುವವಳಾದ್ದರಿಂದ ಇವಳು ಕೇಳಲಿಲ್ಲ.

“ಸರಿ, ಗೇಣು ತೋರ್ಸು.”

“ಕೈಯೆಲ್ಲ ಫ್ಯಾನ್ ಧೂಳು ಕಣೇ. ದಾರದಲ್ಲಿ ಅಳ್ದು ತಂದ್ಕೊಡ್ತೀನಿ.”

ಮಾರನೆಯ ದಿನ ದಾರ ಬಂತು. ಭಾನು ಅದನ್ನು ಎಳೆದು ಹಿಡಿದು ನೋಡಿ ನಕ್ಕಳು. “ಏನೋ ಇದು, ರಾತ್ರೋರಾತ್ರಿ ಕೈ ಬೆಳೆದ್ಬುಡ್ತಾ?”

“ಬೆರಳು ಜಾಸ್ತಿ ಅಗಲಿಸಿದ್ದೆ ಬುಡು,” ಎಂದ ವಸಂತ.

ಬಿಟ್ಟಳು. ಟ್ಯುಟೋರಿಯಲ್ ಫ್ಯಾನಿನ ಕೆಳಗೆ ಕೂತವನು ಸುಳ್ಳು ಹೇಳಿಯಾನು ಎಂದು ಯಾರಿಗೆ ಹೊಳೆಯುತ್ತದೆ?

ಆ ದಾರವನ್ನು ಪರ್ಸಿನಲ್ಲಿಟ್ಟುಕೊಂಡು ಅವಳು ಸರಸ್ವತಿಪುರಂನ ಕಂಪ್ಯೂಟರ್ ಅಂಗಡಿಗಳನ್ನು ಸುತ್ತಿದಳು. ಊಟದ ಬಿಡುವಿನಲ್ಲಿ ಒಂದು, ಬಸ್ಸಿಗೆ ಮುಂಚೆ ಇನ್ನೊಂದು. ಒಬ್ಬ ಅಂಗಡಿಯವನು ಹುಮ್ಮಸ್ಸಿನಿಂದ ಬಣ್ಣಬಣ್ಣದ ಲೈಟು ಹೊತ್ತಿಸಿ ತೋರಿಸಿದ.

“ನೋಡಿ ಮೇಡಂ, ಎಂಗೆ ಮಿಂಚ್ತಾ ಇದೆ.”

“ದೀಪಾಲಂಕಾರ ನೋಡಕ್ಕೆ ಸರ್ಕಲ್ಲಿಗೆ ಹೋಗ್ತೀನಿ ಕಣ್ರೀ. ಲೈಟ್ ಆರ್ಸಿ, ಸದ್ದು ಕೇಳ್ಸಿ.”

ಕೀಗಳ ಕೆಳಗೆ ನೀಲಿ ಸ್ವಿಚ್ಚು ಇದ್ದದ್ದು ಟಿಕ್ ಟಿಕ್ ಎಂದು ಹಲ್ಲಿಯ ಹಾಗೆ ಲೊಚಗುಟ್ಟಿತು. ಇಕ್ಕಟ್ಟಿನ ವೇದಿಕೆಯಲ್ಲಿ ಪಕ್ಕದವನಿಗೇ ಕಿರಿಕಿರಿ, ಬೇಡ. ಕಂದು ಸ್ವಿಚ್ಚು ಒತ್ತಿದರೆ ಅರ್ಧದಾರಿಯಲ್ಲಿ ಸಣ್ಣ ತಡೆ. ಟೈಪಿಂಗಿಗೆ ಸುಖ, ಆಟಕ್ಕೆ ನಿಧಾನ. ಕೆಂಪು ಸ್ವಿಚ್ಚು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಳಿಯಿತು. ಬೂದು ಬಣ್ಣದ ಒಂದು ಪುಟ್ಟ ಕೀಬೋರ್ಡು, ಬಲಮೂಲೆಯಲ್ಲಿ ಒತ್ತೊತ್ತಾಗಿ ಕೂತ ನಾಲ್ಕು ಬಾಣಗಳು, ಉದ್ದನೆಯ ಬಲ ಶಿಫ್ಟ್. ದಾರವನ್ನು ಅದರ ಮೇಲೆ ಹಾಸಿದಳು. ಹೊಂದಿತು.

ವಸಂತನ ದುಡ್ಡಿನಲ್ಲಿ ಕೊಂಡದ್ದನ್ನು ಮನೆಗೆ ತಂದು, ಸ್ಪೇಸ್ ಬಾರ್ ಗಡಗಡ ಎನ್ನುತ್ತದೆಂದು ಬಿಚ್ಚಿ, ಅಪ್ಪನ ಪೆಟ್ಟಿಗೆಯ ಗ್ರೀಸನ್ನು ಬೆಂಕಿಕಡ್ಡಿಯ ತುದಿಯಲ್ಲಿ ಸವರಿದಳು. ಮುದ್ದಮ್ಮ ನೋಡಿ, “ಮಗೀಗೆ ಎಣ್ಣೆ ಒತ್ತಿದಂಗೆ ಒತ್ತೀಯಲ್ಲ!” ಎಂದಳು. ವಸಂತನಿಗೆ ಕೊಟ್ಟಾಗ ಅವನು ಒಂದೆರಡು ಸಲ ಒತ್ತಿ ನೋಡಿ ಚೀಲಕ್ಕೆ ಹಾಕಿಕೊಂಡ. “ಆಯುಧ ಪೂಜೆ ಆಗ್ಲಿ ಕಣೇ, ಆಮೇಲೆ ಆಡೋದು. ಹೊಸಾದು.”

ಆ ಸೆಂಟರಿನಲ್ಲಿ ಆಯುಧ ಪೂಜೆಗೆ ಒಂದು ಪದ್ಧತಿಯಿತ್ತು. ಅವರವರ ಕೀಬೋರ್ಡು ಅವರವರ ಕುರ್ಚಿಯ ಮುಂದೆ. ತಾವು ಹೆಚ್ಚು ಒತ್ತುವ ಕೀಗಳಿಗೆ ತಮ್ಮ ಕೈಯಾರೆ ಕುಂಕುಮ ಹಚ್ಚಬೇಕು. ಹಚ್ಚಿದ ಮೇಲೆ ವಿಜಯದಶಮಿಯ ಬೆಳಗಿನ ತನಕ ಯಾರೂ ಎತ್ತಬಾರದು. ಮುನ್ನುಗ್ಗುವ ಹರೀಶನ ಡಬ್ಲ್ಯು ಕೀ ಪ್ರತಿ ವರ್ಷ ಕೆಂಪಾಗುತ್ತಿತ್ತು. ಕುಕ್ಕರುಗಾಲಲ್ಲಿ ಕೂರುವ ಭಾನುವಿನದು ಕೂರಿಸುವ ಕೀ, ಸಿ. ಬುದ್ಧನ ಪಟದ ಮುಂದೆ ಮಾತ್ರ ದೀಪ ಹಚ್ಚುವ ಮೂಗಯ್ಯನಿಗೆ ಇದು ತಮಾಷೆ. ಅವತ್ತು ಮಗಳು ತನ್ನ ಕೀಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟಾಗ, “ಕುಂಕುಮ ಇಟ್ರೆ ಜೋರಾಗ್ ಓಡ್ತದೇನಮ್ಮ?” ಎಂದ.

“ಓಡಲ್ಲ ಕಣಪ್ಪ. ಎಲ್ರ ಜೊತೆ ಇಡೋದೇ ಒಂದ್ ಖುಷಿ.”

ಹೋಗುವಷ್ಟರಲ್ಲಿ ಬಾಳೆಕಂದು ಕಟ್ಟಿಯಾಗಿತ್ತು, ಚೆಂಡುಹೂವು ತೂಗಿಯಾಗಿತ್ತು. ನಾಲ್ಕು ಕುರ್ಚಿಗಳ ಮುಂದೆ ನಾಲ್ಕು ಹಳೆಯ ಕೀಬೋರ್ಡುಗಳು. ವಸಂತನ ಜಾಗದಲ್ಲಿ ಅದೇ ಬಾಗಿಲುದ್ದದ್ದು. ಗೋಡೆ ಪಕ್ಕದ ಅವಳ ಜಾಗದಲ್ಲಿ, ಸೇವಂತಿಗೆಯ ದಿಂಡಿನೊಳಗೆ, ಅವಳೇ ಆರಿಸಿದ ಬೂದು ಬಣ್ಣದ ಪುಟ್ಟದ್ದು.

ಭಾನುವಿನ ಎದೆ ಜಿಗಿಯಿತು. ಕಳ್ಳ! ನನಗೇ ಕೊಡಲೆಂದು ನನ್ನ ಕೈಯಲ್ಲೇ ಆರಿಸಿದ್ದಾನೆ! ಬಾಣ, ಬಲ ಶಿಫ್ಟ್, ಎಲ್ಲ ಟೈಪ್ ಮಾಡುವವಳಿಗೆಂದೇ! ಟವೆಲನ್ನು ಎದೆಗೆ ಅವಚಿಕೊಂಡು ಹತ್ತಿರ ಹೋದಳು.

ಕುಂಕುಮ ಆಗಲೇ ಹಚ್ಚಿಯಾಗಿತ್ತು. ಎಡಬದಿಯ ಅಕ್ಷರಗಳು ಖಾಲಿ. ಸಿ ಖಾಲಿ. ನಾಲ್ಕು ಬಾಣಗಳ ಮೇಲೆ ಕುಂಕುಮ, ಬಲ ಶಿಫ್ಟಿನ ಮೇಲೆ ಉದ್ದಕ್ಕೆ ಒಂದು ಬೊಟ್ಟು.

ಬಾಣದಲ್ಲಿ ಆಡಬೇಕಾದರೆ ಬಲಗೈ ಕೀಬೋರ್ಡಿನ ಮೇಲಿರಬೇಕು. ಬಲಗೈ ಅಲ್ಲಿದ್ದರೆ ಮೌಸು ಎಡಗೈಯಲ್ಲಿ. ಇಡೀ ಮೈಸೂರಿನಲ್ಲಿ ಹಾಗೆ ಆಡುವವನು ಅವಳಿಗೆ ಗೊತ್ತಿದ್ದಂತೆ ಒಬ್ಬನೇ: ಸರಸ್ವತಿಪುರಂ ತಂಡದ ಎಡಚ, ನಿಶಾಂತ್. ಹೋದ ವರ್ಷ ಇವರನ್ನೆಲ್ಲ ಒಬ್ಬನೇ ಸೋಲಿಸಿದ್ದವನು.

ಅಷ್ಟರಲ್ಲಿ ಒಳಕೋಣೆಯಿಂದ ಅವನೇ ಬಂದ. ಎಡಗೈ ತುಂಬ ಕಡ್ಲೆಪುರಿ.

“ಓ ಅಕ್ಕ, ನೀವೂ ಬಂದ್ರಾ? ನನ್ ಹೊಸ ಕೀಬೋರ್ಡ್ ನೋಡಿದ್ರಾ?” ಬಲಗೈಯನ್ನು ಅದರ ಮೇಲೆ ಗಾಳಿಯಲ್ಲೇ ಅಗಲಿಸಿ ಹಿಡಿದ. ಹೆಬ್ಬೆರಳಿನಿಂದ ಕಿರುಬೆರಳಿಗೆ ದಾರದಷ್ಟೇ ಅಳತೆ. “ಕೈ ಅಳತೆ ತಗೊಂಡೇ ಮಾಡ್ದಂಗಿದೆ. ವಸಂತಣ್ಣ ದಾರದಲ್ಲಿ ಅಳ್ದಾಗ ನಾನ್ ನಕ್ಕಿದ್ದೆ. ಯಾರಕ್ಕ ಆರ್ಸಿದ್ದು, ನಿಮಗ್ಗೊತ್ತಾ?”

ಪಾಪ, ಅವನಿಗೆ ಗೊತ್ತಿರಲಿಲ್ಲ. ಹರೀಶನಿಗೆ ಗೊತ್ತಿತ್ತು, ಒಡೆಯಬೇಕಾದ ಬೂದುಗುಂಬಳಕಾಯಿಯನ್ನು ಮೊದಲ ಸಲ ಕಂಡವನಂತೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ವಸಂತ ಊದಿನಕಡ್ಡಿ ಹಿಡಿದು ನಿಂತೇ ಇದ್ದ.

“ಹೇಳೋಣಾಂತಲೇ ಇದ್ದೆ ಭಾನು. ಹಬ್ಬ ಕಳೀಲಿ ಅಂತ...”

“ನನ್ ಹೆಸ್ರು ಟೀ ಶರ್ಟಿಗೆ ಕೊಟ್ಟಿದ್ಯಾ?”

ಅವನು ಊದಿನಕಡ್ಡಿಯ ಬೂದಿ ಕೊಡವಿದ.

“ಕೊಟ್ಟಿಲ್ಲ,” ಎಂದು ಉತ್ತರವನ್ನೂ ಅವಳೇ ಹೇಳಿದಳು.

“ಹುಬ್ಬಳ್ಳಿ ಕಣೇ. ದೊಡ್ ಪಂದ್ಯ. ಇವ್ನು ಬಂದ್ರೆ ಗೆಲ್ತೀವಿ. ಒಳ್ಳೇ ಕೀಬೋರ್ಡ್ ಕೊಟ್ರೆ ಬರ್ತೀನಿ ಅಂದ. ನಂಗೆ ಆರ್ಸಕ್ ಬರಲ್ಲ. ನಿನ್ ಬಿಟ್ರೆ ಯಾರನ್ ಕೇಳ್ಲಿ?”

“ಅವ್ನು ನನ್ಗಿಂತ ಚೆನ್ನಾಗ್ ಆಡ್ತಾನೆ ಕಣೋ, ನಂಗೊತ್ತಿಲ್ವಾ? ‘ಭಾನು, ಈ ಸಲ ನೀ ಬೇಡ’ ಅಂದಿದ್ರೆ ಅತ್ತು ಸುಮ್ನಾಗ್ತಿದ್ದೆ. ಬಸ್ ಸ್ಟ್ಯಾಂಡಿಗೆ ಬಂದು ಕೈ ಬೀಸ್ತಿದ್ದೆ. ನನ್ ಜಾಗಕ್ ಬರೋನ ಗೇಣನ್ನ ನನ್ ಪರ್ಸಲ್ಲೇ ಇಟ್ಕೊಂಡು ತಿರ್ಗೋ ಹಂಗೆ ಮಾಡಿದ್ಯಲ್ಲೋ.”

ನಿಶಾಂತನ ಬಾಯಲ್ಲಿ ಕಡ್ಲೆಪುರಿ ಹಾಗೇ ನಿಂತಿತು. “ಅಕ್ಕ, ನಂಗೆ... ನೀವು ಕೆಲ್ಸದಲ್ಲಿ ರಜ ಸಿಗ್ದೆ ತಂಡ ಬಿಟ್ರಿ ಅಂದ್ರು...”

“ಹಂಗೂ ಹೇಳಿದ್ನಾ?” ಎಂದಳು ಭಾನು. ಪರ್ಸು ತೆಗೆದು ದಾರವನ್ನು ಹೊರಗೆಳೆದಳು. ಪೂಜೆಯ ಮುಂದೆ, ವಸಂತನ ಕೀಬೋರ್ಡಿನ ಮೇಲೆ ಅದನ್ನು ಇಟ್ಟಳು. ತನ್ನದನ್ನು ಟವೆಲಿನಿಂದ ಬಿಚ್ಚಲೇ ಇಲ್ಲ.

“ಮಂಗಳಾರತಿ ಆದ್ಮೇಲಾದ್ರೂ ಹೋಗೇ,” ಎಂದ ವಸಂತ.

“ನನ್ ಜಾಗ ಎಲ್ಲಿದೆ, ಯಾವ್ದಕ್ ಮಂಗಳಾರತಿ?”

ಮನೆಗೆ ಬಂದಾಗ ಮೂಗಯ್ಯ ಹೊಸಿಲ ಮೇಲೆ ಕೂತು ಬೀದಿಯ ಗಾಡಿಗಳಿಗೆ ಹೂವಿನ ಹಾರ ಬೀಳುವುದನ್ನು ನೋಡುತ್ತಿದ್ದ. ಮಗಳ ಕಂಕುಳಲ್ಲಿದ್ದ ಟವೆಲಿನ ಗಂಟು ನೋಡಿದ, ಮುಖ ನೋಡಿದ. ಕುಂಕುಮದ ತಮಾಷೆ ನಾಲಿಗೆ ತುದಿಗೆ ಬಂದದ್ದನ್ನು ನುಂಗಿ, ಕೂರಲು ಜಾಗ ಬಿಟ್ಟ. ಅವಳು ಕೂತಳು. ನಡೆದದ್ದನ್ನು ಹೇಳಿದಳು. ಅಳು ಬಂದದ್ದು ಟೀ ಶರ್ಟಿನ ಮಾತಿಗಲ್ಲ, ಗ್ರೀಸಿನ ಮಾತಿಗೆ.

ಮಾರನೆಯ ದಿನ ಊರೆಲ್ಲ ಜಂಬೂಸವಾರಿ ನೋಡಲು ಹೊರಟಿದ್ದ ಹೊತ್ತಿನಲ್ಲಿ ವಸಂತನ ಫೋನು ಬಂತು. ಕ್ಷಮೆ ಕೇಳುತ್ತಾನೇನೋ ಎಂದುಕೊಂಡಳು. ಅವನು ಸ್ವಲ್ಪ ಹೊತ್ತು ಹಬ್ಬದ ಮಾತಾಡಿದ. ಆಮೇಲೆ ವಿಷಯಕ್ಕೆ ಬಂದ.

“ಭಾನು... ಬೇಜಾರ್ ಮಾಡ್ಕೋಬೇಡ. ಆಡಕ್ ಕೂತ ಮೇಲೆ ನಿಶಾಂತಂಗೆ ಬಾಣದ ಕೀ ಒಂಚೂರು ಗಟ್ಟಿ ಅನ್ಸ್ತಾ ಇದ್ಯಂತೆ. ಅದಕ್ಕೆ ಮಾತ್ರ ಬೇರೆ ಸ್ವಿಚ್ ಹಾಕ್ಬೋದಾ? ಯಾವ್ದು ಹಾಕ್ಲಿ?”

ಯಾವುದು ಹಾಕಬೇಕು, ಎಲ್ಲಿ ಸಿಗುತ್ತದೆ, ಯಾವ ಅಂಗಡಿಯವನು ಹಬ್ಬದ ದಿನವೂ ಬಾಗಿಲು ತೆರೆದಿರುತ್ತಾನೆ, ಎಲ್ಲವೂ ಅವಳ ನಾಲಿಗೆಯ ಮೇಲಿತ್ತು. ಅಭ್ಯಾಸದ ಬಾಯಿ, ತೆರೆದೂಬಿಟ್ಟಿತು.

“ಗೊತ್ತು,” ಎಂದಳು. “ಹೇಳಲ್ಲ.”

ಫೋನಿಟ್ಟಳು. ಒಲೆಯ ಹತ್ತಿರ ಮುದ್ದಮ್ಮ ಐದು ಜನರ ಡಬ್ಬಿಯನ್ನು ಎತ್ತಿ ಹಿಡಿದುಕೊಂಡು ಯೋಚಿಸುತ್ತಿದ್ದಳು. “ಇದನ್ನ ಬೇಕರಿಗೆ ಕೊಟ್ಬುಡ್ಲೇನೆ?”

“ಕೊಡ್ಬೇಡ,” ಎಂದಳು ಭಾನು. ಮುಚ್ಚಳ ತೆಗೆದು ಒಂದು ಕೋಡುಬಳೆ ಕಡಿದಳು. ಚೆನ್ನಾಗಿ ಬೆಂದಿತ್ತು, ಕಟುಮ್ ಎಂದಿತು. ಅಪ್ಪನ ಕಡೆಗೆ ಡಬ್ಬಿ ಚಾಚಿದಳು.

“ಖಾರ ಸಾಕಾ?” ಎಂದು ಮುದ್ದಮ್ಮ ಕೇಳಿದಳು.

ಭಾನು ಕಣ್ಣೊರೆಸಿಕೊಂಡು, “ಸಾಕವ್ವ,” ಎಂದಳು.