ಎತ್ತರದವಳು ಎಲ್ಲಿ ನಿಲ್ಲಬೇಕು

ನಮ್ಮ ಮನೆಯಲ್ಲಿ ನನ್ನ ಎತ್ತರ ಒಂದು ಸಮಸ್ಯೆಯಾಗಿತ್ತು. ಅಟ್ಟದ ಮೇಲಿನ ಡಬ್ಬ ಇಳಿಸುವಾಗ ಎಲ್ಲರಿಗೂ ನಾನು ಬೇಕು. ಮಿಕ್ಕ ಹೊತ್ತಿನಲ್ಲಿ "ಇವಳಿಗೆ ಗಂಡು ಎಲ್ಲಿಂದ ತರೋದು" ಎಂಬ ಮಾತೇ. ಅರಕಲಗೂಡಿನ ಹಾಸ್ಟೆಲಿಗೆ ಸೇರಿದ ಮೇಲೆ ಆ ಎತ್ತರಕ್ಕೆ ಒಂದು ಕೆಲಸ ಸಿಕ್ಕಿತು. ಹಾಸ್ಟೆಲಿನ ಹಿಂದೆ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇತ್ತು. ಕೋರ್ಟ್ ಅಂದರೆ ಅರ್ಧ ಕೋರ್ಟ್. ಇನ್ನರ್ಧದಲ್ಲಿ ಯಾರೋ ಪುಣ್ಯಾತ್ಮರು ನೀರಿನ ತೊಟ್ಟಿ ಕಟ್ಟಿಸಿದ್ದರು. ತೊಟ್ಟಿ ಕಟ್ಟುವಾಗ ಆ ಕಡೆಯ ಕಂಬ ಕಿತ್ತು ಹಾಕಿದ್ದರಿಂದ ಉಳಿದದ್ದು ಒಂದೇ ರಿಂಗು. ಎರಡೂ ತಂಡದವರು ಅದಕ್ಕೇ ಚೆಂಡು ಹಾಕಬೇಕು.

ಹಾಗಾಗಿ ನಮ್ಮದೇ ಒಂದು ಕಾನೂನು ಮಾಡಿಕೊಂಡಿದ್ದೆವು. ಎದುರಿನವರು ಹಾಕಿದ ಚೆಂಡು ಗುರಿ ತಪ್ಪಿ ನಿನ್ನ ಕೈಗೆ ಬಂದರೆ ಅದನ್ನು ಪುಟಿಸುತ್ತಾ ಚರಂಡಿಯ ಪಕ್ಕದ ಗೆರೆಯವರೆಗೆ ಓಡಬೇಕು, ಗೆರೆ ತುಳಿಯಬೇಕು, ತಿರುಗಿ ಅದೇ ರಿಂಗಿಗೆ ಹಾಕಬೇಕು. ಯಾರ ಕೈಗೂ ಕೊಡುವ ಹಾಗಿಲ್ಲ. ಹಿಡಿದವಳೇ ಓಡಬೇಕು. ನಾಲ್ಕಾರು ವರ್ಷ ಹೀಗೇ ಆಡಿದೆ. ಎತ್ತರ ಇದ್ದದ್ದರಿಂದ ತಪ್ಪಿದ ಚೆಂಡೆಲ್ಲ ನನ್ನ ಪಾಲಿಗೆ. ಓಡಿ ಓಡಿ ಆ ಗೆರೆ ನನ್ನ ಕಾಲಿಗೆ ಬಾಯಿಪಾಠವಾಗಿಬಿಟ್ಟಿತು.

ಓದು ಮುಗಿದ ಮೇಲೆ ಹಾಸನದಲ್ಲಿ ಒಂದು ಇಲಾಖೆಯ ತಂಡಕ್ಕೆ ನನ್ನನ್ನು ತೆಗೆದುಕೊಂಡರು. ಅಲ್ಲಿ ಆಟವೇ ನೌಕರಿ. ಮೊದಲ ವರ್ಷ ನೋಡುತ್ತಾರೆ. ತಂಡಕ್ಕೆ ಬೇಕಾದವಳು ಅನ್ನಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಅರಕಲಗೂಡಿನ ಬಸ್ಸು. ನಮ್ಮಮ್ಮ ಆಗ ಕೂಲಿಗೆ ಹೋಗುತ್ತಿದ್ದಳು. ನಾನು ಕಾಯಂ ಆದ ದಿನ ಕೂಲಿ ಬಿಡುತ್ತೇನೆ ಎಂದು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ನನಗೆ ಅರ್ಧ ಭಯ ಕಡಿಮೆ ಇರುತ್ತಿತ್ತು.

ನಮ್ಮ ಕೋಚ್ ಸಾಹೇಬರದು ಒಂದೇ ಮಾತು: ಎತ್ತರದವರು ರಿಂಗಿನ ಕೆಳಗೆ, ಗಿಡ್ಡನೆಯವರು ಚೆಂಡಿನ ಹಿಂದೆ. ನನ್ನನ್ನು ರಿಂಗಿನ ಕೆಳಗೆ ನಿಲ್ಲಿಸಿದರು. ನಾನು ಉದ್ದ ಇದ್ದೆನೇ ಹೊರತು ದಪ್ಪ ಇರಲಿಲ್ಲ. ಎದುರು ತಂಡದ ಗಟ್ಟಿಗಿತ್ತಿಯರು ಭುಜ ತಾಗಿಸಿದರೆ ಸಾಕು, ಗಾಳಿಗೆ ಒಣಹಾಕಿದ ಸೀರೆಯ ಹಾಗೆ ಪಕ್ಕಕ್ಕೆ ಹೋಗಿಬಿಡುತ್ತಿದ್ದೆ. ಚೆಂಡನ್ನು ಮುಂದಕ್ಕೆ ತರುವ, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಜಾಗ ನಮ್ಮ ಕ್ಯಾಪ್ಟನ್ನಿನದು. ಹಿರೀಸಾವೆ ಕಡೆಯವಳು, ಚನ್ನರಾಯಪಟ್ಟಣದಲ್ಲಿ ಮನೆ, ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಿದ್ದಳು. ನಾವೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದೆವು. ಅವಳ ಮಂಡಿ ಹೇಳಿದ ಮಾತು ಕೇಳುವುದನ್ನು ಆಗಲೇ ಕಡಿಮೆ ಮಾಡಿತ್ತು. ಆ ವರ್ಷ ಕಳೆದರೆ ಆಟ ಸಾಕು, ಆಮೇಲೆ ಆಫೀಸಿನ ಕುರ್ಚಿ ಎಂದು ಅವಳೇ ಹೇಳಿದ್ದಳು.

ಹಾಸನದ ಕೋರ್ಟಿನಲ್ಲಿ ನನ್ನ ಮೊದಲ ಪಂದ್ಯ. ಎದುರಿನವರು ಹಾಕಿದ ಚೆಂಡು ತಪ್ಪಿತು, ಹಾರಿ ಹಿಡಿದೆ. ಹಿಡಿದದ್ದಷ್ಟೇ ನೆನಪು, ಮುಂದಿನದೆಲ್ಲ ಕಾಲು ಮಾಡಿದ ಕೆಲಸ. ಗೆರೆಯವರೆಗೆ ಓಡಿದೆ, ತುಳಿದೆ, ತಿರುಗಿದೆ, ಹಾಕಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹಾಕಿರಲಿಲ್ಲ. ರಿಂಗಿಗೆ ತಾಗದೆ ಒಳಗೆ ಇಳಿಯಿತು. ಖುಷಿಯಿಂದ ಕೈ ಎತ್ತಿ ನೋಡಿದರೆ ನಮ್ಮವರು ಯಾರೂ ಕುಣಿಯುತ್ತಿಲ್ಲ, ಎದುರಿನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ನಮ್ಮ ರಿಂಗಿಗೆ ನಾನೇ ಹಾಕಿ ಅವರಿಗೆ ಅಂಕ ಕೊಟ್ಟಿದ್ದೆ. ಕೋಚ್ ತಲೆ ಮೇಲೆ ಕೈ ಇಟ್ಟುಕೊಂಡು ಕೂತರು.

ಪಂದ್ಯ ಮುಗಿದ ಮೇಲೆ ಎಲ್ಲರೂ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋದೆವು. ಒಂದೇ ಟೇಬಲ್ಲಿನಲ್ಲಿ ಕೋಚ್, ಅಕ್ಕ, ನಾನು. ಎದುರಿಗೆ ದೋಸೆ, ಕಾಫಿ.

"ಅಲ್ಲ ಕಣೆ, ಯಾಕೆ ತಿರುಗ್ದೆ?" ಅಂದಳು ಅಕ್ಕ.

ಒಂದೇ ರಿಂಗಿನ ಕತೆ, ನೀರಿನ ತೊಟ್ಟಿ, ಚರಂಡಿ ಗೆರೆ ಎಲ್ಲಾ ಹೇಳಿದೆ. ಪಕ್ಕದ ಟೇಬಲ್ಲಿನ ಹುಡುಗಿಯರು ನಕ್ಕರು. ಅಕ್ಕ ನಗಲಿಲ್ಲ. ದೋಸೆ ಮುರಿಯುವುದನ್ನು ನಿಲ್ಲಿಸಿ ಕೋಚ್ ಕಡೆ ತಿರುಗಿದಳು.

"ಸಾ, ನಮ್ಮ ಉದ್ದದೋರೆಲ್ಲಾ ಚೆಂಡು ಸಿಕ್ಕಿದ್ ತಕ್ಷಣ ನಾನೆಲ್ಲಿವ್ನಿ ಅಂತ ಉಡುಕ್ತಾರೆ. ನನ್ ಕೈಗೆ ಬರೋ ಒತ್ಗೆ ಎದುರಿನೋರೆಲ್ಲಾ ವಾಪಸ್ ಓಗಿ ನಿಂತಿರ್ತಾರೆ. ಇವ್ಳು ಉಡುಕ್ಲಿಲ್ಲ, ಓಡಿದ್ಲು. ಓಡಿದ್ದು ಸರಿ ಸಾ, ತಿರುಗಿದ್ದೊಂದೇ ತಪ್ಪು. ಚೆಂಡು ಇವ್ಳೇ ತರ್ಲಿ."

"ಇಷ್ಟು ಉದ್ದ ಇರೋಳನ್ನ ರಿಂಗಿಂದ ಆಚೆ ಕಳಿಸ್ಲಾ? ತಮಾಷೆನಾ?" ಅಂದರು ಕೋಚ್. ನನ್ನ ಕಾಫಿ ಲೋಟ ಎತ್ತಿ ತಟ್ಟೆಯ ಅಂಚಿಗೆ ಇಟ್ಟು, "ಇದು ಇವ್ಳು. ಇಲ್ಲೇ ಇರ್ಬೇಕು" ಅಂದರು. ಚಟ್ನಿ ಬಟ್ಟಲನ್ನು ದೂರ ಸರಿಸಿ, "ಇದು ನೀನು" ಅಂದರು.

ಅಕ್ಕ ಲೋಟ ಎತ್ತಿ ಮಧ್ಯಕ್ಕೆ ತಂದಳು. ಕೋಚ್ ವಾಪಸ್ ಇಟ್ಟರು. ಅಕ್ಕ ಮೊಬೈಲ್ ತೆಗೆದಳು. ಅಮೆರಿಕದ ದೊಡ್ಡ ತಂಡಗಳ ಆಟ ನಮಗೆ ಬೆಳಗಿನ ಹೊತ್ತು ಬರುತ್ತದೆ. ಅವಳು ಬಸ್ಸಿನಲ್ಲಿ ಅದನ್ನು ನೋಡುತ್ತಲೇ ಹಾಸನ ಸೇರುತ್ತಿದ್ದಳು. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರದ ಒಬ್ಬ ಆಟಗಾರ ಚೆಂಡನ್ನು ತಾನೇ ತಂದು ಎಲ್ಲರಿಗೂ ಹಂಚುತ್ತಿರುವುದನ್ನು ತೋರಿಸಿದಳು.

"ಅವ್ರದು ಬೇರೆ, ನಮ್ದು ಬೇರೆ. ಅವ್ರು ತಿನ್ನೋದೇನು, ನಾವು ತಿನ್ನೋದೇನು" ಅಂದರು ಕೋಚ್.

"ಮುದ್ದೆ ತಿಂದೋಳ್ಗೆ ಓಡಕ್ಕೆ ಬರಕಿಲ್ವಾ ಸಾ?"

"ಸರಿ, ಇವ್ಳು ಚೆಂಡು ತಂದ್ರೆ ನೀನೇನು ಮಾಡ್ತೀಯ?"

"ಬೆಂಚಿಲ್ವಾ" ಅಂದಳು ಅಕ್ಕ. ಲೋಟ ಮತ್ತೆ ಮಧ್ಯಕ್ಕೆ ಬಂತು. ನನ್ನ ಭವಿಷ್ಯ ಹೀಗೆ ಆ ಕಡೆ ಈ ಕಡೆ ಓಡಾಡುತ್ತಾ ಆರಿ ತಣ್ಣಗಾಯಿತು. ಕೊನೆಗೆ ಅದನ್ನು ನಾನೇ ಕುಡಿದೆ.

ಅವತ್ತು ನನಗೆ ಅವಳ ಮೇಲೆ ಸಂಶಯ ಬಂದದ್ದು ನಿಜ. ತನ್ನ ಜಾಗವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ, ನನ್ನನ್ನು ಇನ್ನೊಂದು ಸಲ ನಗೆಪಾಟಲು ಮಾಡಲು ಹೊರಟಿದ್ದಾಳೋ ಏನೋ ಅಂದುಕೊಂಡೆ. ಅವಳು ಮಾತ್ರ ಬಿಡಲಿಲ್ಲ. ಮಾರನೆಯ ಬೆಳಿಗ್ಗೆಯಿಂದಲೇ ಎಲ್ಲರಿಗಿಂತ ಮುಂಚೆ ನನ್ನನ್ನು ಕೋರ್ಟಿಗೆ ಕರೆಸಿಕೊಂಡಳು. ಚೆಂಡನ್ನು ತಾನೇ ರಿಂಗಿಗೆ ಬಡಿದು, ನಾನು ಹಿಡಿದ ಕೂಡಲೇ "ತಿರುಗ್ಬೇಡ, ನೆಟ್ಟಗೆ ನಡಿ" ಎಂದು ಕೂಗುವಳು. ತಿರುಗಿದರೆ ಬೈಗುಳ. ಆ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಕೋಚ್ ಜೊತೆಗಿನ ವಾದವೂ ವಾರಗಟ್ಟಲೆ ನಡೆಯಿತು. ಕೊನೆಗೆ ಅವರು ಸೋತರೋ, ಇವಳ ಕಾಟ ಸಾಕಾಯಿತೋ, "ಒಂದು ಸಲ ನೋಡೋಣ" ಅಂದರು.

ಆ ಒಂದು ಸಲ ಬಂದದ್ದು ಹೊಳೆನರಸೀಪುರದಲ್ಲಿ. ಆ ವರ್ಷದ ಕೊನೆಯ ಪಂದ್ಯಾವಳಿ. ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಅದಾದ ಮೇಲೆ ತೀರ್ಮಾನ. ಅಕ್ಕನಿಗೂ ಅದೇ ಕೊನೆಯದು. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದಿತ್ತು. ನಾನು ಚೆಂಡಿನ ಹಿಂದೆ, ಅಕ್ಕ ಬೆಂಚಿನ ಮೇಲೆ. ಮೊದಲ ಚೆಂಡು ತರುವಾಗಲೇ ಒಬ್ಬಳು ಕಿತ್ತುಕೊಂಡಳು. ಎರಡನೆಯದನ್ನು ಗೆರೆಯಿಂದಾಚೆ ಎಸೆದೆ. ಕೋಚ್ ಎದ್ದು ನಿಂತು, "ಸಾಕು, ನೀನ್ ಏಳು, ನೀನೇ ಹೋಗು" ಎಂದು ಅಕ್ಕನಿಗೆ ಹೇಳಿದ್ದು ನನಗೆ ಕೇಳಿಸಿತು. ಅರಕಲಗೂಡಿನ ಬಸ್ಸು ಕಣ್ಣ ಮುಂದೆ ಬಂದು ನಿಂತಿತು.

ಅಕ್ಕ ಏಳಲಿಲ್ಲ. ಬಗ್ಗಿಕೊಂಡು ಶೂ ಲೇಸು ಬಿಚ್ಚುತ್ತಿದ್ದಳು. "ಬೇಗ" ಅಂದರು ಕೋಚ್. "ಲೇಸು ಸಾ" ಅಂದಳು. ಒಂದು ಶೂ ಪೂರ್ತಿ ಕಳಚಿತು. ಆಮೇಲೆ ಇನ್ನೊಂದು. ಕಲ್ಲು ಹೊಕ್ಕಿದೆಯೇನೋ ಎಂಬಂತೆ ಒಳಗೆ ಕೈ ಹಾಕಿ ನೋಡಿದಳು.

ಅಷ್ಟರಲ್ಲಿ ಎದುರಿನವರ ಚೆಂಡು ತಪ್ಪಿ ನನ್ನ ಕೈಗೆ ಬಂತು. ಈ ಸಲ ತಿರುಗಲಿಲ್ಲ. ನೆಟ್ಟಗೆ ಓಡಿದೆ. ಮಧ್ಯದಲ್ಲಿ ಇಬ್ಬರು ಅಡ್ಡ ಬಂದರು. ನನ್ನ ಎತ್ತರಕ್ಕೆ ಅವರಿಬ್ಬರ ತಲೆಯ ಮೇಲಿಂದ ಆಚೆಯದೆಲ್ಲ ಕಾಣುತ್ತಿತ್ತು. ನಮ್ಮವಳೊಬ್ಬಳು ರಿಂಗಿನ ಕೆಳಗೆ ಒಂಟಿಯಾಗಿ ನಿಂತಿದ್ದಳು. ಎಸೆದೆ. ಅವಳು ಹಾಕಿದಳು. ಮುಂದಿನ ಸಲವೂ ಹಾಗೇ ಆಯಿತು. ಅದರ ಮುಂದಿನ ಸಲ ನಾನೇ ಹಾಕಿದೆ. ಕೋಚ್ ಕುರ್ಚಿಯ ಮೇಲೆ ಕೂತರು. ಅಕ್ಕನನ್ನು ಕರೆದದ್ದು ಅವರಿಗೆ ಮರೆತೇ ಹೋಗಿತ್ತು.

ಪಂದ್ಯ ನಾವು ಗೆಲ್ಲಲಿಲ್ಲ. ಸ್ವಲ್ಪದರಲ್ಲಿ ಸೋತೆವು. ಆದರೆ ನೀರು ಕುಡಿಯುತ್ತಿದ್ದಾಗ ಕೋಚ್ ಬಂದು, "ಮುಂದಿನ ವರ್ಷಾನೂ ಚೆಂಡು ನೀನೇ ತರ್ಬೇಕು" ಅಂದರು. ಮುಂದಿನ ವರ್ಷ ಎಂಬ ಮಾತು ಕೇಳಿದ್ದೇ ನನಗೆ ಅಳು ಬಂತು. ಓಡಿ ಹೋಗಿ ಅಕ್ಕನ ಕಾಲು ಹಿಡಿದೆ. "ಮಂಡಿ ಮುಟ್ಬೇಡ, ನೋಯ್ತದೆ" ಅಂದಳು. ನಮ್ಮಮ್ಮ ಕೂಲಿ ಬಿಟ್ಟು ವರ್ಷಗಳಾದವು. ನಮ್ಮ ಮನೆಯಲ್ಲಿ ಬೇಯುವ ಅನ್ನದಲ್ಲಿ ಅಕ್ಕನ ಪಾಲಿದೆ, ಅದನ್ನು ತೀರಿಸುವ ದಾರಿ ನನಗೆ ಗೊತ್ತಿಲ್ಲ, ತೀರಿಸುವ ಅವಸರವೂ ಇಲ್ಲ.

ಈಗ ಅವಳು ಆಫೀಸಿನ ಕುರ್ಚಿಯಲ್ಲಿದ್ದಾಳೆ. ಕೆಲವು ಭಾನುವಾರ ನಾನು ಬೆಳಗಿನ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋಗುತ್ತೇನೆ. ಅವಳು ರೊಟ್ಟಿ ತಟ್ಟುತ್ತಾಳೆ, ಮೊಬೈಲು ಸಕ್ಕರೆ ಡಬ್ಬಕ್ಕೆ ಒರಗಿ ನಿಂತಿರುತ್ತದೆ, ದೂರದ ದೇಶದವರನ್ನು ಯಾವ ಜಾಗದಲ್ಲಿ ಆಡಿಸಬೇಕೆಂದು ನಮ್ಮಿಬ್ಬರಿಗೂ ಜಗಳ. ಮೊನ್ನೆ ಒಂದು ತಂಡದವರು ವಯಸ್ಸಾದ ಆಟಗಾರನೊಬ್ಬನನ್ನು ಕೂರಿಸಿ ಚೆಂಡನ್ನು ಎಳೆಯವನ ಕೈಗೆ ಕೊಟ್ಟರು. ಅಕ್ಕ ಸರಿ ಅಂದಳು. ನನಗೆ ರೇಗಿತು. ಅವನಿಗೆ ಇನ್ನೂ ಶಕ್ತಿಯಿದೆ, ಆಡುವವನನ್ನು ಕೂರಿಸುವುದು ಅನ್ಯಾಯ ಎಂದು ವಾದಿಸಿದೆ. ವಾದದ ಬಿಸಿಯಲ್ಲೇ ಇಷ್ಟು ವರ್ಷ ಕೇಳದ್ದನ್ನು ಕೇಳಿಬಿಟ್ಟೆ.

"ಅವತ್ತು ಹೊಳೆನರಸೀಪುರದಲ್ಲಿ ಕೋಚ್ ಕರೆದಾಗ, ಎದ್ದು ಬರ್ಬೇಕು ಅಂತ ನಿಂಗೆ ಅನ್ನಿಸ್ಲಿಲ್ವಾ ಅಕ್ಕ?"

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಅನ್ನಿಸ್ದೆ ಏನವ್ವ, ಕೂತ್ಕಳಕ್ಕೇ ಆಗ್ತಿರ್ನಿಲ್ಲ" ಅಂದಳು. "ಅದ್ಕೇ ಕಣೆ ಎಲ್ಡು ಶೂನೂ ಬಿಚ್ಬುಟ್ಟಿದ್ದು."